‘ರೂವಾರಿ’ ಪದದ ಅರ್ಥ ಮತ್ತು ಬಳಕೆ: ಪದೇ ಪದೇ ಕೇಳುವ ಪ್ರಶ್ನೆಗಳು

‘ಯೋಜನೆಯ ರೂವಾರಿ’, ‘ಗೆಲುವಿನ ರೂವಾರಿ’, ‘ಏಕೀಕರಣದ ರೂವಾರಿ’ ಎಂದು ನಾವು ದಿನವೂ ಓದುತ್ತೇವೆ, ಬರೆಯುತ್ತೇವೆ. ಪದದ ಮೂಲವನ್ನೂ ಸರಿಯಾದ ಬಳಕೆಯನ್ನೂ ಕುರಿತು ವಿದ್ಯಾರ್ಥಿಗಳು, ಪತ್ರಿಕೆಗಳಿಗೆ ಬರೆಯುವವರು ಮತ್ತು ಅನುವಾದಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ರೂವಾರಿ ಎಂದರೆ ಯಾರು?

ರೂಪ ಕೊಡುವವನು ರೂವಾರಿ. ಮೊದಲ ಅರ್ಥದಲ್ಲಿ ಕಲ್ಲಿನಲ್ಲಿ ವಿಗ್ರಹವನ್ನು ಕಡೆಯುವವನು, ಅಂದರೆ ಶಿಲ್ಪಿ. ಕಲ್ಲಿನ ಮೇಲೆ ಅಕ್ಷರ ಕೊರೆಯುವವನಿಗೂ ಹಳೆಯ ಶಾಸನಗಳಲ್ಲಿ ಇದೇ ಹೆಸರು ಸಂದಿದೆ. ಇಂದಿನ ಬರವಣಿಗೆಯಲ್ಲಿ ಒಂದು ಯೋಜನೆಗೆ, ಸಂಸ್ಥೆಗೆ, ಚಳವಳಿಗೆ ಅಥವಾ ಸಾಧನೆಗೆ ಆಕಾರ ಕೊಟ್ಟ ಮುಖ್ಯ ವ್ಯಕ್ತಿ ಎಂಬುದು ಹೆಚ್ಚು ಬಳಕೆಯಲ್ಲಿರುವ ಅರ್ಥ. ಎರಡನೆಯದು ಮೊದಲನೆಯದರ ವಿಸ್ತಾರವೇ ಹೊರತು ಬೇರೆ ಪದವಲ್ಲ.

ಈ ಪದ ಎಲ್ಲಿಂದ ಬಂತು?

ಇದು ತದ್ಭವ. ಸಂಸ್ಕೃತದ ‘ರೂಪಕಾರಿ’, ಅಂದರೆ ರೂಪವನ್ನು ಮಾಡುವವನು ಎಂಬ ಪದ ಜನರ ನಾಲಗೆಯಲ್ಲಿ ಸವೆದು ‘ರೂವಾರಿ’ಯಾಗಿದೆ. ಇದರಲ್ಲಿ ಎರಡು ಬದಲಾವಣೆಗಳಾಗಿವೆ, ಎರಡೂ ಕನ್ನಡಕ್ಕೆ ಚೆನ್ನಾಗಿ ಪರಿಚಯವಿರುವಂಥವೇ. ಸ್ವರಗಳ ನಡುವಿನ ಪಕಾರ ವಕಾರವಾಯಿತು. ‘ದೀಪಿಕಾ’ ‘ದೀವಿಗೆ’ಯಾದದ್ದು ಹೀಗೆಯೇ. ಎರಡನೆಯದಾಗಿ, ‘ಕಾರ’ದ ಕಕಾರ ಬಿದ್ದುಹೋಗಿ ಸ್ವರಗಳು ಕೂಡಿಕೊಂಡವು; ‘ಕುಂಭಕಾರ’ ‘ಕುಂಬಾರ’ನಾದದ್ದು ಹೀಗೆ. ಹಾಗಾಗಿ ಕುಂಬಾರನಿಗೂ ರೂವಾರಿಗೂ ಪದದ ಮಟ್ಟದಲ್ಲಿ ನಿಜವಾದ ನಂಟಿದೆ. ಇಬ್ಬರ ಹೆಸರಿನ ಕೊನೆಯಲ್ಲೂ ‘ಮಾಡುವವನು’ ಎಂಬ ಒಂದೇ ಅಂಶ ಅಡಗಿದೆ. ಒಬ್ಬನು ಕುಂಭವನ್ನು ಮಾಡುತ್ತಾನೆ, ಇನ್ನೊಬ್ಬನು ರೂಪವನ್ನು ಮಾಡುತ್ತಾನೆ.

‘ವಾರಿ’ ಎಂದರೆ ನೀರು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ? ‘ಉಸ್ತುವಾರಿ’ಯ ‘ವಾರಿ’ಯೊಂದಿಗೆ?

ಎರಡಕ್ಕೂ ಸಂಬಂಧವಿಲ್ಲ. ಪದವನ್ನು ‘ರೂ’ ಮತ್ತು ‘ವಾರಿ’ ಎಂದು ಒಡೆಯುವುದೇ ತಪ್ಪು. ಇಲ್ಲಿನ ವಕಾರ ‘ರೂಪ’ದ ಪಕಾರದಿಂದ ಬಂದದ್ದು.

ಶಾಸನಗಳಲ್ಲಿ ಈ ಪದ ಹೇಗೆ ಬಳಕೆಯಾಗಿದೆ?

ಈ ಪದದ ನಿಜವಾದ ಮನೆ ಅದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ಮೈಸೂರಿನಿಂದ ಸುಮಾರು 35 ಕಿಲೋಮೀಟರ್ ದೂರದ ಸೋಮನಾಥಪುರದಲ್ಲಿರುವ ಕೇಶವ ದೇವಾಲಯವನ್ನು ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಹದಿಮೂರನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿಸಿದನು. ಜಗತಿಯ, ಅಂದರೆ ದೇವಾಲಯ ನಿಂತಿರುವ ಎತ್ತರದ ಕಟ್ಟೆಯ ಮೇಲೆ ಪ್ರದಕ್ಷಿಣೆಯಾಗಿ ನಡೆಯುವವರು ಸಾಮಾನ್ಯವಾಗಿ ವಿಗ್ರಹಗಳ ಮುಖವನ್ನು, ಕಿರೀಟದ ಕುಸುರಿಯನ್ನು, ಮೇಲಿನ ಲತಾತೋರಣವನ್ನು ನೋಡುತ್ತ ಮುಂದೆ ಸಾಗುತ್ತಾರೆ. ಒಮ್ಮೆ ಬಗ್ಗಿ ವಿಗ್ರಹದ ಪೀಠವನ್ನು ನೋಡಬೇಕು. ಬೆಳಗಿನ ಓರೆಬಿಸಿಲು ಬಿದ್ದಾಗ ಪಾದಗಳ ಕೆಳಗಿನ ಪಟ್ಟಿಯಲ್ಲಿ ಹಳಗನ್ನಡದ ದುಂಡು ಅಕ್ಷರಗಳು ನೆರಳು ಹಿಡಿದು ಎದ್ದು ಕಾಣುತ್ತವೆ. ಅಲ್ಲಿರುವುದು ದೇವರ ಹೆಸರಲ್ಲ, ಕಡೆದವನ ಹೆಸರು. ಮಲ್ಲಿತಮ್ಮ, ಮಸಣಿತಮ್ಮ, ಚೌಡೆಯ, ಬಾಮಯ, ನಂಜಯ ಎಂದು ಆ ಕಲ್ಲು ನಮಗೆ ಹೆಸರುಗಳನ್ನು ಉಳಿಸಿಕೊಟ್ಟಿದೆ. 40ರಷ್ಟು ವಿಗ್ರಹಗಳು ಮಲ್ಲಿತಮ್ಮನೊಬ್ಬನವೇ. ಅವನು ಕೆಲವೆಡೆ ಪೂರ್ಣ ಹೆಸರು ಬರೆಯದೆ ‘ಮಲ್ಲಿ’ ಎಂದೋ, ಬರೀ ‘ಮ’ ಎಂದೋ ಕೊರೆದು ಬಿಟ್ಟಿದ್ದಾನೆ. ಇದನ್ನು ಯಾರು ಮಾಡಿದರೆಂದು ಸುತ್ತಲಿನವರೆಲ್ಲರಿಗೂ ಗೊತ್ತಿತ್ತು, ಒಂದಕ್ಷರ ಸಾಕಾಗಿತ್ತು ಎಂದು ನನಗೆ ತೋರುತ್ತದೆ.

ಇತಿಹಾಸದ ಬರಹಗಳಲ್ಲಿ ಅವನು ‘ರೂವಾರಿ ಮಲ್ಲಿತಮ್ಮ’ ಎಂದೇ ಪ್ರಸಿದ್ಧ. 1196ರ ಅಮೃತಪುರದ ದೇವಾಲಯದಲ್ಲೂ 1246ರ ನುಗ್ಗೇಹಳ್ಳಿಯಲ್ಲೂ ಈ ಹೆಸರು ಸಿಗುತ್ತದೆ. ಅಮೃತಪುರಕ್ಕೂ ಸೋಮನಾಥಪುರಕ್ಕೂ ನಡುವೆ ಆರು ದಶಕಗಳಿಗೂ ಹೆಚ್ಚಿನ ಅಂತರವಿರುವುದರಿಂದ, ಇವನೊಬ್ಬನೇ ಅಷ್ಟು ದೀರ್ಘಕಾಲ ಉಳಿ ಹಿಡಿದನೇ, ಅದೇ ಹೆಸರಿನ ಇನ್ನೊಬ್ಬನಿದ್ದನೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ನುಗ್ಗೇಹಳ್ಳಿಯಲ್ಲಿ ಮಲ್ಲಿತಮ್ಮನ ಜೊತೆಗೆ ಬೈಚೋಜನೆಂಬ ಇನ್ನೊಬ್ಬನ ಕೈಗೆಲಸವೂ ಇದೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ಮದನಿಕೆಯರ ಬಳಿ ಹೆಸರು ಬಿಟ್ಟಿದ್ದಾರೆ.

ಈ ಹೆಸರುಗಳ ಕೊನೆಯಲ್ಲಿ ಬರುವ ‘ಓಜ’ ಎಂಬುದು ‘ಉಪಾಧ್ಯಾಯ’ದ ತದ್ಭವ, ‘ಆಚಾರಿ’ ಎಂಬುದು ‘ಆಚಾರ್ಯ’ದ ರೂಪ. ಉಳಿ ಹಿಡಿದವನನ್ನು ನಮ್ಮ ಹಿರಿಯರು ಗುರುವಿನ ಹೆಸರಿನಿಂದ ಕರೆದರು ಎಂಬುದನ್ನು ನಾನು ಸಣ್ಣ ಸಂಗತಿಯೆಂದು ಭಾವಿಸುವುದಿಲ್ಲ.

ಶ್ರವಣಬೆಳಗೊಳದ ಶಾಸನಗಳಲ್ಲಿ ಗಂಗಾಚಾರಿ ಎಂಬವನಿಗೆ ‘ಬಿರುದರೂವಾರಿಮುಖತಿಲಕ’ ಎಂಬ ವಿಶೇಷಣವಿದೆ. ಬಿರುದು ಪಡೆದ ರೂವಾರಿಗಳ ಮುಖಕ್ಕೆ ತಿಲಕದಂತಿರುವವನು ಎಂದು ಅದರ ಅರ್ಥ. ರೂವಾರಿಗಳಲ್ಲೂ ಬಿರುದು ಪಡೆದವರ ಒಂದು ಶ್ರೇಣಿಯಿತ್ತು, ಅವರ ನಡುವೆ ಮೇಲಾಟವಿತ್ತು ಎಂಬುದು ಈ ಒಂದು ಸಮಾಸದಿಂದಲೇ ತಿಳಿಯುತ್ತದೆ. ಗಂಗಾಚಾರಿ ಅಲ್ಲಿ ಮಾಡಿದ ಕೆಲಸ ಶಾಸನದ ಅಕ್ಷರಗಳನ್ನು ಕಂಡರಿಸಿದ್ದು, ಅಂದರೆ ಕೊರೆದದ್ದು.

ದೇವಾಲಯವನ್ನು ಕಟ್ಟಿಸಿದ ದೊರೆ ಅಥವಾ ದಾನಿಯನ್ನು ರೂವಾರಿ ಎನ್ನಬಹುದೇ?

ಹಳೆಯ ಬಳಕೆಯ ಪ್ರಕಾರ ಖಂಡಿತ ಇಲ್ಲ; ಕನ್ನಡವು ಈ ವ್ಯತ್ಯಾಸವನ್ನು ಬಹಳ ಖಚಿತವಾಗಿ ಕಾಪಾಡಿಕೊಂಡು ಬಂದಿದೆ.

ಸುಮಾರು 58 ಅಡಿ ಎತ್ತರದ ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ‘ಶ್ರೀ ಚಾಮುಂಡರಾಜಂ ಮಾಡಿಸಿದಂ’ ಎಂದು ಕನ್ನಡದಲ್ಲಿ ಬರೆದಿದೆ. ಗಂಗರ ಮಂತ್ರಿಯಾಗಿದ್ದ ಚಾವುಂಡರಾಯನು ‘ಮಾಡಿದಂ’ ಎಂದು ಅಲ್ಲಿಲ್ಲ. ‘ಮಾಡು’ ಎಂಬ ಧಾತುವಿಗೆ ‘ಇಸು’ ಸೇರಿ ‘ಮಾಡಿಸು’ ಎಂಬ ಪ್ರೇರಣಾರ್ಥಕ ರೂಪವಾಗಿದೆ. ಅದೇ ಮಾತನ್ನು ಅಲ್ಲಿ ತಮಿಳಿನಲ್ಲಿಯೂ ಮರಾಠಿಯಲ್ಲಿಯೂ ಬರೆಯಲಾಗಿದ್ದು, ಆ ಎರಡು ಭಾಷೆಗಳಲ್ಲಿಯೂ ಮಾಡಿಸಿದ್ದೆಂಬ ಕ್ರಿಯಾಪದವೇ ಇದೆ. ಮೂರು ಭಾಷೆಗಳಲ್ಲಿ ಒಂದೇ ಎಚ್ಚರ. ಮಾಡಿಸಿದವನಿಗೆ ಸಲ್ಲಬೇಕಾದ ಕೀರ್ತಿಯನ್ನು ಶಾಸನ ತುಂಬು ಮನಸ್ಸಿನಿಂದ ಸಲ್ಲಿಸುತ್ತದೆ, ಆದರೆ ಮಾಡಿದ ಕೈಯ ಪಾಲನ್ನು ಕಿತ್ತು ಅವನಿಗೆ ಕೊಡುವುದಿಲ್ಲ. ಆ ಸಾಲಿನಲ್ಲಿ ರೂವಾರಿಯ ಹೆಸರಿಲ್ಲ ಎಂಬುದು ನನಗೆ ಪ್ರತಿ ಬಾರಿಯೂ ನೋವಿನ ಸಂಗತಿ; ಆದರೂ ‘ಇಸು’ ಎಂಬ ಆ ಪ್ರತ್ಯಯದಲ್ಲಿ ಅವನಿಗೊಂದು ಜಾಗ ಉಳಿದಿದೆ. ಮಾಡಿಸಿದವನೊಬ್ಬನಿದ್ದಾನೆ ಎಂದರೆ ಮಾಡಿದವನೊಬ್ಬನು ಇದ್ದೇ ಇರಬೇಕು.

ಪಟ್ಟದಕಲ್ಲಿನಲ್ಲಿ ಎರಡೂ ಪಾಲು ಸಂದಿವೆ. ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನಗಳಲ್ಲಿ ರಾಣಿಯ ಹೆಸರಿನೊಂದಿಗೆ ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಎಂಬ ಇಬ್ಬರ ಹೆಸರೂ ಇದೆ. ಸರ್ವಸಿದ್ಧಿ ಆಚಾರಿಗೆ ಅಲ್ಲಿ ‘ತೆಂಕಣ ದಿಶೆಯ ಸೂತ್ರಧಾರಿ’ ಎಂಬ ಗೌರವ ಸಂದಿದೆ.

ಹಾಗಾದರೆ ಜಕಣಾಚಾರಿ?

ಬೇಲೂರು, ಹಳೇಬೀಡುಗಳ ಶಿಲ್ಪವೈಭವವನ್ನೆಲ್ಲ ಜನಮನಸ್ಸು ಜಕಣಾಚಾರಿ ಎಂಬ ಒಂದೇ ಹೆಸರಿಗೆ ಕಟ್ಟಿದೆ. ಕೈದಾಳದಲ್ಲಿ ಹುಟ್ಟಿದವನು, ಕಪ್ಪೆ ಚೆನ್ನಿಗರಾಯನ ವಿಗ್ರಹದಲ್ಲಿ ಮಗನು ದೋಷ ತೋರಿಸಿದಾಗ ತನ್ನ ಕೈಯನ್ನೇ ಕತ್ತರಿಸಿಕೊಂಡವನು ಎಂಬ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಇದು ಐತಿಹ್ಯ. ಶಿಲ್ಪಕಲೆಗೆ ರಾಜ್ಯ ಸರ್ಕಾರ ಕೊಡುವ ಪ್ರಶಸ್ತಿಗೂ ಅವನದೇ ಹೆಸರಿದೆ. ಐತಿಹ್ಯವನ್ನು ಐತಿಹ್ಯವೆಂದು ಪ್ರೀತಿಸೋಣ. ಆದರೆ ‘ಬೇಲೂರು ದೇವಾಲಯದ ರೂವಾರಿ’ ಎಂದು ಇತಿಹಾಸದ ಲೇಖನದಲ್ಲಿ ಬರೆಯುವಾಗ ಕಲ್ಲಿನ ಮೇಲೆ ಹೆಸರು ಬಿಟ್ಟ ದಾಸೋಜ, ಚಾವಣರನ್ನು ಮೊದಲು ನೆನೆಯುವುದು ನ್ಯಾಯ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅವುಗಳ ಬಗ್ಗೆ ಬರೆಯುವವರು ಹೆಚ್ಚಿದ್ದಾರೆ. ಈ ಎಚ್ಚರವೂ ಹೆಚ್ಚಬೇಕು.

ಕಲ್ಲಿನ ಕೆಲಸದ ಪದ ‘ಯೋಜನೆಯ ರೂವಾರಿ’ ಎಂಬಲ್ಲಿಗೆ ಹೇಗೆ ಬಂತು? ಈ ಬಳಕೆ ಸರಿಯೇ?

ಸರಿ. ಆಕಾರವಿಲ್ಲದ ಬಂಡೆಯಲ್ಲಿ ಇಲ್ಲದ ರೂಪವನ್ನು ಮೊದಲು ಮನಸ್ಸಿನಲ್ಲಿ ಕಂಡು, ಆಮೇಲೆ ಬೇಡವಾದದ್ದನ್ನು ಕಳೆದು ಅದನ್ನು ಹೊರತೆಗೆಯುವುದು ಶಿಲ್ಪಿಯ ಕೆಲಸ. ಅಸ್ಪಷ್ಟವಾದ ಒಂದು ಆಶಯವನ್ನು ಕಾರ್ಯರೂಪಕ್ಕೆ ತರುವವನದೂ ಅದೇ ಬಗೆಯ ಕೆಲಸವಾದ್ದರಿಂದ ಪದ ತಾನಾಗಿ ಹರಡಿಕೊಂಡಿದೆ. ಗುಜರಾತಿನ ಹಾಲು ಉತ್ಪಾದಕರ ಸಹಕಾರ ಸಂಘಗಳ ಮಾದರಿಯನ್ನು ದೇಶಕ್ಕೆ ಹಬ್ಬಿಸಿದ ವರ್ಗೀಸ್ ಕುರಿಯನ್ ಅವರನ್ನು ‘ಕ್ಷೀರಕ್ರಾಂತಿಯ ರೂವಾರಿ’ ಎನ್ನುವಾಗ ಪದ ತನ್ನ ಪೂರ್ಣ ತೂಕದಲ್ಲಿ ನಿಲ್ಲುತ್ತದೆ, ಏಕೆಂದರೆ ಅವರು ಕೇವಲ ಕನಸು ಕಾಣಲಿಲ್ಲ, ವ್ಯವಸ್ಥೆಯೊಂದಕ್ಕೆ ಆಕಾರ ಕೊಟ್ಟರು. ಕ್ರಿಕೆಟ್ ವರದಿಗಳ ‘ಗೆಲುವಿನ ರೂವಾರಿ’ಗೂ ನನ್ನ ಆಕ್ಷೇಪವಿಲ್ಲ. ಕುಸಿದ ತಂಡವನ್ನು ಹಿಡಿದು ನಿಲ್ಲಿಸಿದ ಆಟಗಾರನು ‘ಇನಿಂಗ್ಸ್ ಕಟ್ಟಿದನು’ ಎಂದು ನಾವು ಹೇಳುವುದೇ ಉಂಟು. ಕಟ್ಟಿದವನು ರೂವಾರಿಯಾಗುವುದು ತಕ್ಕುದೇ. ಆದರೆ ಕೊನೆಯ ಚೆಂಡಿಗೆ ಒಂದು ಬೌಂಡರಿ ಹೊಡೆದವನಿಗೆ ಈ ಪದ ಹೊಂದುವುದಿಲ್ಲ. ಅವನು ಗೆಲುವನ್ನು ಮುಟ್ಟಿಸಿದನು, ರೂಪಿಸಲಿಲ್ಲ.

ಬರೆಯುವಾಗ ಅನುಮಾನ ಬಂದರೆ ‘ರೂವಾರಿ’ ಇರುವಲ್ಲಿ ‘ರೂಪ ಕೊಟ್ಟವರು’ ಎಂದು ಇಟ್ಟು ಓದಿ ನೋಡಬಹುದು. ವಾಕ್ಯ ನಿಜವಾಗಿ ಉಳಿದರೆ ಪದ ಸರಿಯಾದ ಜಾಗದಲ್ಲಿದೆ. ‘ಹಣ ಕೊಟ್ಟವರು’, ‘ಅನುಮತಿ ಕೊಟ್ಟವರು’, ‘ಉದ್ಘಾಟಿಸಿದವರು’ ಎಂಬುದೇ ನಿಜವಾದ ಅರ್ಥವಾಗಿದ್ದರೆ ಹಾಗೆಯೇ ಬರೆಯಬೇಕು.

‘ವಿಧಾನಸೌಧದ ರೂವಾರಿ’ ಎಂದು ಯಾರನ್ನು ಕರೆಯಬೇಕು?

ಈ ಪ್ರಶ್ನೆ ಪದದ ಅರ್ಥವನ್ನು ಚೆನ್ನಾಗಿ ಒರೆಗೆ ಹಚ್ಚುತ್ತದೆ. 1951ರಲ್ಲಿ ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ಮಾಡಿದ ಕಟ್ಟಡ 1956ರಲ್ಲಿ ಪೂರ್ಣಗೊಂಡಿತು. 1952ರಲ್ಲಿ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರ ಹೆಸರನ್ನೇ ನಮ್ಮ ಪತ್ರಿಕೆಗಳು ರೂವಾರಿ ಎಂದು ಬರೆಯುತ್ತವೆ. ಅವರು ಮೊದಲಿನ ನಕ್ಷೆಯನ್ನು ಬದಲಿಸಿ, ನಮ್ಮ ನೆಲದ ಶೈಲಿಯ ಭವ್ಯ ಕಟ್ಟಡವೇ ಆಗಬೇಕೆಂದು ಹಟ ಹಿಡಿದು, ಕಂಬ, ಕಮಾನುಗಳ ವಿವರದವರೆಗೂ ಮನಸ್ಸಿಟ್ಟವರು. ಬರೀ ಮಂಜೂರಾತಿ ಕೊಟ್ಟವರಲ್ಲ. ಆದ್ದರಿಂದ ಆ ಬಳಕೆ ಅನ್ಯಾಯವಲ್ಲ. ಆದರೆ ಆ ಆಶಯವನ್ನು ನಕ್ಷೆಯಾಗಿಸಿ ಕಟ್ಟಡವಾಗಿಸಿದ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ ಅವರ ಹೆಸರು ಎಷ್ಟು ಕನ್ನಡಿಗರಿಗೆ ಗೊತ್ತು? ಇಬ್ಬರನ್ನೂ ಹೇಳುವುದಾದರೆ ‘ರೂವಾರಿಗಳು’ ಎಂಬ ಬಹುವಚನ ಭಾಷೆಯಲ್ಲಿ ಇದ್ದೇ ಇದೆ. ಒಬ್ಬರನ್ನೇ ಹೇಳಬೇಕೆಂದರೆ, ಕಟ್ಟಿಸಿದವರನ್ನು ‘ಕಟ್ಟಿಸಿದವರು’ ಎಂದೂ ರೂಪಿಸಿದವರನ್ನು ‘ರೂವಾರಿ’ ಎಂದೂ ಕರೆಯುವುದು ನನ್ನ ಆಯ್ಕೆ. ಗ್ರಾನೈಟನ್ನು ಕೆತ್ತಿ ಕೂರಿಸಿದ ನೂರಾರು ಕಲ್ಲುಕುಟಿಗರ ಹೆಸರು ಸೋಮನಾಥಪುರದಂತೆ ಅಲ್ಲಿಯೂ ಎಲ್ಲಾದರೂ ಒಂದು ಪಟ್ಟಿಯ ಮೇಲೆ ಇರಬೇಕಾಗಿತ್ತು.

‘ಸ್ಫೋಟದ ರೂವಾರಿ’, ‘ಹಗರಣದ ರೂವಾರಿ’ ಎಂದು ಸುದ್ದಿಯಲ್ಲಿ ಬರೆಯುತ್ತಾರೆ. ಇದು ತಪ್ಪೇ?

ವ್ಯಾಕರಣದ ತಪ್ಪಲ್ಲ, ಔಚಿತ್ಯದ ತಪ್ಪು. ತಲೆಬರಹದ ಇಕ್ಕಟ್ಟಿನಲ್ಲಿ ಮೂರೇ ಅಕ್ಷರದ ಪದ ಅನುಕೂಲವೆಂಬುದು ನನಗೂ ಗೊತ್ತು. ಆದರೂ ರೂಪ ಕೊಡುವವನ ಹೆಸರನ್ನು ಹಾಳುಗೆಡವುವವನಿಗೆ ಕೊಟ್ಟರೆ ಪದ ನಿಧಾನವಾಗಿ ಕೆಡುತ್ತದೆ. ‘ರೂವಾರಿ’ ಎಂದೊಡನೆ ಮಕ್ಕಳ ಮನಸ್ಸಿಗೆ ಉಳಿಯ ಬದಲು ಕೈಕೋಳ ನೆನಪಾಗುವ ಕಾಲ ಬರಬಾರದು. ‘ಸಂಚುಕೋರ’, ‘ಪ್ರಮುಖ ಸಂಚುಕೋರ’, ‘ಮುಖ್ಯ ಆರೋಪಿ’ ಎಂಬ ಮಾತುಗಳು ಇವೆ. ನ್ಯಾಯಾಲಯದ ತೀರ್ಪು ಬರುವವರೆಗೆ ಕೊನೆಯದೇ ಸರಿಯಾದ ಮಾತೂ ಹೌದು.

ಶಿಲ್ಪಿ, ಕರ್ತೃ, ನಿರ್ಮಾತೃ, ನಿರ್ಮಾಪಕ, ಹರಿಕಾರ, ಸೂತ್ರಧಾರ: ಇವುಗಳಿಗೂ ರೂವಾರಿಗೂ ಏನು ವ್ಯತ್ಯಾಸ?

‘ಶಿಲ್ಪಿ’ ಅತಿ ಹತ್ತಿರದ ಪದ, ಇಂದಿಗೂ ವೃತ್ತಿಯ ಹೆಸರಾಗಿ ಉಳಿದಿದೆ. ಅಂಬೇಡ್ಕರ್ ಅವರನ್ನು ‘ಸಂವಿಧಾನ ಶಿಲ್ಪಿ’ ಎಂದು ಕರೆಯುವುದು ರೂಢಿಯಾಗಿ ನೆಲೆಗೊಂಡಿರುವುದರಿಂದ ಅಲ್ಲಿ ಪದ ಬದಲಿಸುವ ಅಗತ್ಯವಿಲ್ಲ.

‘ಕರ್ತೃ’ ಎಂಬುದಕ್ಕೆ ಮಾಡುವವನು ಎಂಬ ವಿಶಾಲ ಅರ್ಥವಿದೆ. ವ್ಯಾಕರಣದಲ್ಲಿ ಕ್ರಿಯೆಯನ್ನು ಮಾಡುವವನು, ಸಾಹಿತ್ಯದಲ್ಲಿ ಕೃತಿಯನ್ನು ಬರೆದವನು. ಮರವನ್ನು ಕಡಿದವನೂ ಆ ವಾಕ್ಯದ ಕರ್ತೃವೇ. ಆದರೆ ಅವನು ಯಾವುದಕ್ಕೂ ರೂವಾರಿಯಲ್ಲ.

‘ನಿರ್ಮಾತೃ’ವಿಗೂ ‘ನಿರ್ಮಾಪಕ’ನಿಗೂ ಇರುವ ಅಂತರ ‘ಮಾಡಿದ’ ಮತ್ತು ‘ಮಾಡಿಸಿದ’ ಎಂಬುದರ ಅಂತರವೇ. ನಿರ್ಮಾತೃ ತಾನು ನಿರ್ಮಿಸುವವನು; ನಿರ್ಮಾಪಕ ಎಂಬುದು ಪ್ರೇರಣಾರ್ಥಕ ಧಾತುವಿನಿಂದ ಬಂದದ್ದರಿಂದ ನಿರ್ಮಾಣ ಮಾಡಿಸುವವನು. ಹಣ ಹೂಡಿ ಚಲನಚಿತ್ರ ಮಾಡಿಸುವವರಿಗೆ ನಿರ್ಮಾಪಕ ಎಂಬ ಹೆಸರನ್ನು ಇಟ್ಟವರು ಯಾರೇ ಆಗಿರಲಿ, ಭಾಷೆ ಬಲ್ಲವರು.

‘ಹರಿಕಾರ’ ಪಾರಸಿಯ ಮೂಲದಿಂದ ಬಂದ ಪದ, ಓಲೆ ಹೊತ್ತು ಓಡುವ ದೂತ ಎಂದು ಅರ್ಥ. ಹೊಸದರ ಸುದ್ದಿಯನ್ನು ಮೊದಲು ತಂದವನು ಎಂಬ ಭಾವದಿಂದ ‘ಬದಲಾವಣೆಯ ಹರಿಕಾರ’ ಎನ್ನುತ್ತೇವೆ. ಹೊಸದನ್ನು ತಂದವನು ಹರಿಕಾರ, ತಂದದ್ದಕ್ಕೆ ಆಕಾರ ಕೊಟ್ಟವನು ರೂವಾರಿ. ಒಬ್ಬರೇ ಎರಡೂ ಆಗಬಹುದು.

‘ಸೂತ್ರಧಾರ’ ಎಂದೊಡನೆ ನಾಟಕ ನೆನಪಾಗುತ್ತದೆ, ಆದರೆ ಅಳತೆಯ ದಾರ ಹಿಡಿದು ಕಟ್ಟಡವನ್ನು ಗುರುತಿಸುವವನಿಗೂ ಅದೇ ಹೆಸರಿತ್ತೆಂಬುದಕ್ಕೆ ಪಟ್ಟದಕಲ್ಲಿನ ಸರ್ವಸಿದ್ಧಿ ಆಚಾರಿಯೇ ಸಾಕ್ಷಿ. ಪಾಪ, ಈ ಪದಕ್ಕೂ ಅಪರಾಧ ಸುದ್ದಿಗಳಲ್ಲಿ ರೂವಾರಿಯ ಗತಿಯೇ ಬಂದಿದೆ.

ಹೆಣ್ಣಿಗೆ ಯಾವ ರೂಪ ಬಳಸಬೇಕು? ಬಹುವಚನ, ವಿಭಕ್ತಿ ಹೇಗೆ?

‘ರೂವಾರಿ’ ಎಂಬ ಒಂದೇ ರೂಪ ಎಲ್ಲರಿಗೂ ಸಲ್ಲುತ್ತದೆ. ‘ರೂವಾರಿಣಿ’ ಎಂದು ಹೊಸದಾಗಿ ಕಟ್ಟಬೇಕಾಗಿಲ್ಲ. ಲಿಂಗವನ್ನು ಕ್ರಿಯಾಪದ ತೋರಿಸುತ್ತದೆ: ರೂವಾರಿ ಕೆತ್ತಿದನು, ರೂವಾರಿ ಕೆತ್ತಿದಳು, ರೂವಾರಿ ಕೆತ್ತಿದರು. ಬಹುವಚನ ರೂವಾರಿಗಳು. ವಿಭಕ್ತಿಗಳು ಇಕಾರಾಂತ ಪದಗಳಂತೆಯೇ: ರೂವಾರಿಯನ್ನು, ರೂವಾರಿಯಿಂದ, ರೂವಾರಿಗೆ, ರೂವಾರಿಯ.

ಬರೆಯುವಾಗ ಸಾಮಾನ್ಯವಾಗಿ ಆಗುವ ತಪ್ಪುಗಳು ಯಾವುವು?

ಮೊದಲ ಅಕ್ಷರವನ್ನು ಹ್ರಸ್ವವಾಗಿಸಿ ‘ರುವಾರಿ’ ಎಂದು ಬರೆಯುವುದು. ‘ರೂಪ’ದ ದೀರ್ಘ ಇಲ್ಲಿ ಉಳಿಯಲೇಬೇಕು.

ಇನ್ನೊಂದು ಸಮಾಸಕ್ಕೆ ಸಂಬಂಧಿಸಿದ್ದು. ತದ್ಭವ ಕನ್ನಡ ಪದವೆಂದೇ ಲೆಕ್ಕವಾದ್ದರಿಂದ ಸಂಸ್ಕೃತ ಪದದೊಂದಿಗೆ ನೇರವಾಗಿ ಬೆಸೆದರೆ ಅರಿಸಮಾಸ, ಅಂದರೆ ವ್ಯಾಕರಣ ಒಪ್ಪದ ಸಮಾಸವಾಗುತ್ತದೆ. ‘ಏಕೀಕರಣರೂವಾರಿ’ ಎನ್ನುವುದಕ್ಕಿಂತ ‘ಏಕೀಕರಣದ ರೂವಾರಿ’ ಎಂದು ಷಷ್ಠಿಯಲ್ಲಿ ಬಿಡಿಸಿ ಬರೆಯುವುದು ಕಿವಿಗೂ ಹಿತ. ಹಾಗಾದರೆ ‘ಬಿರುದರೂವಾರಿಮುಖತಿಲಕ’ ಹೇಗೆ ಎಂದು ಕೇಳಬಹುದು. ಬಿರುದುಗಳಲ್ಲಿ ಅರಿಸಮಾಸ ದೋಷವಲ್ಲವೆಂದು ಕೇಶಿರಾಜನು ತನ್ನ ಹಳಗನ್ನಡ ವ್ಯಾಕರಣ ಗ್ರಂಥವಾದ ಶಬ್ದಮಣಿದರ್ಪಣದಲ್ಲಿ ರಿಯಾಯಿತಿ ಕೊಟ್ಟಿದ್ದಾನೆ. ಗಂಗಾಚಾರಿಯ ಹೊಗಳಿಕೆ ಆ ರಿಯಾಯಿತಿಯೊಳಗೆ ನೆಮ್ಮದಿಯಾಗಿ ಕೂರುತ್ತದೆ.

ಸಾಫ್ಟ್‌ವೇರ್ ಬರೆಯುವವರನ್ನು, ವಿಡಿಯೊ ಮಾಡುವವರನ್ನು ರೂವಾರಿ ಎನ್ನಬಹುದೇ?

ಒಂದು ತಂತ್ರಾಂಶವನ್ನು ಮೊದಲಿನಿಂದ ರೂಪಿಸಿದವರನ್ನು ‘ಈ ತಂತ್ರಾಂಶದ ರೂವಾರಿ’ ಎನ್ನಲು ಅಡ್ಡಿಯಿಲ್ಲ. ‘ಕಂಟೆಂಟ್ ಕ್ರಿಯೇಟರ್’ ಎಂಬುದಕ್ಕೆ ಮಾತ್ರ ಇದನ್ನು ಪರ್ಯಾಯವಾಗಿ ಬಳಸಲಾರೆವು, ಏಕೆಂದರೆ ರೂವಾರಿ ಎಂದೊಡನೆ ‘ಯಾವುದರ ರೂವಾರಿ?’ ಎಂಬ ಪ್ರಶ್ನೆ ಹುಟ್ಟುತ್ತದೆ. ಇಂದಿನ ಬಳಕೆಯಲ್ಲಿ ಅದು ಷಷ್ಠಿಯ ಆಸರೆಯಿಲ್ಲದೆ ಒಂಟಿಯಾಗಿ ನಿಲ್ಲುವುದಿಲ್ಲ.

ಇಂದು ಕಲ್ಲು ಕೆತ್ತುವವರನ್ನೂ ಹೀಗೆ ಕರೆಯಬಹುದೇ?

ಕರೆಯಬಹುದು, ಕರೆಯಬೇಕು ಎಂಬುದು ನನ್ನ ಮನವಿ. ಅಯೋಧ್ಯೆಯಲ್ಲಿ 2024ರ ಜನವರಿ 22ರಂದು ಪ್ರತಿಷ್ಠಾಪನೆಯಾದ ಬಾಲರಾಮನ ವಿಗ್ರಹವನ್ನು ಕಡೆದ ಮೈಸೂರಿನ ಅರುಣ್ ಯೋಗಿರಾಜ್ ಅವರನ್ನು ಎಲ್ಲರೂ ‘ಶಿಲ್ಪಿ’ ಎಂದು ಬರೆದರು, ಅದು ಸರಿಯೇ. ಆದರೆ ಮಲ್ಲಿತಮ್ಮನ ಹೆಸರಿನ ಹಿಂದಿರುವ ಪದ ಅವರಿಗೂ ಅಕ್ಷರಶಃ ಸಲ್ಲುತ್ತದೆ. ಅನೇಕ ವರ್ಷಗಳಿಂದ ಆ ಪದವನ್ನು ರೂಪಕವಾಗಿ ಮಾತ್ರ ಬಳಸಿ, ಉಳಿ ಹಿಡಿದವರ ಕೈಯಿಂದಲೇ ಅದನ್ನು ತೆಗೆದುಬಿಟ್ಟಿದ್ದೇವೆ.

ನಮ್ಮ ಊರಿನ ದೇವಸ್ಥಾನದ ಜೀರ್ಣೋದ್ಧಾರವಾದಾಗ ಬಾಗಿಲ ಪಕ್ಕದಲ್ಲಿ ಕಪ್ಪು ಗ್ರಾನೈಟಿನ ಫಲಕ ಹಾಕಿದರು. ದಾನಿಗಳ ಹೆಸರು ಮೊತ್ತದ ಸಮೇತ ಇತ್ತು, ಸಮಿತಿಯವರ ಹೆಸರು ಹುದ್ದೆಯ ಸಮೇತ ಇತ್ತು. ಎಂಟು ತಿಂಗಳು ಅಲ್ಲೇ ತಗಡಿನ ಚಪ್ಪರದ ಕೆಳಗೆ ಧೂಳು ಕುಡಿಯುತ್ತ ದ್ವಾರಪಾಲಕರನ್ನು ಕಡೆದವರ ಹೆಸರು ಎಲ್ಲಿಯೂ ಇರಲಿಲ್ಲ. ಕೇಳಿದಾಗ ‘ಜಾಗ ಸಾಲಲಿಲ್ಲ’ ಎಂಬ ಉತ್ತರ ಬಂತು. ಅಂಥ ಫಲಕವನ್ನು ಬರೆಸುವವರು ಮಾದರಿ ಕೇಳಿದರೆ ನಾನು ಕೊಡುವುದು ಎರಡೇ ಸಾಲು. ಮೊದಲನೆಯದು: ‘ಇದನ್ನು ಮಾಡಿಸಿದವರು’ ಎಂದು ಬರೆದು ದಾನಿಗಳ ಹೆಸರು. ಎರಡನೆಯದು: ‘ರೂವಾರಿ’ ಎಂದು ಬರೆದು, ಕಡೆದವರ ಹೆಸರು ಮತ್ತು ಅವರ ಊರು.